ಬಂಡೆಯ ನಾಡಿನಲ್ಲಿ ಸೀತಾಳೆ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲು ಬಿಡದಿಯನ್ನು ದಾಟಿದೊಡನೆ, ಕಿಟಕಿಯ ಬದಿಯಲ್ಲಿ ಕುಳಿತ ಮಕ್ಕಳು ಬೆಟ್ಟಗಳನ್ನು ಎಣಿಸತೊಡಗುತ್ತಾರೆ. ಒಂದರ ತಲೆಯ ಮೇಲೊಂದು ಏರಿ ಕುಳಿತ ಗುಂಡುಗಲ್ಲುಗಳು. ಮಳೆನೀರು ಹರಿದು ಕಪ್ಪು ಗೆರೆಯೆಳೆದ ಬೋಳು ಬಂಡೆಗಳು. ಅವುಗಳ ಕಾಲಬುಡದಲ್ಲಿ ಮಾವಿನ ತೋಪು, ಹಿಪ್ಪುನೇರಳೆಯ ಹಸುರು ಪಟ್ಟಿ. ರಾಮನಗರದ ಸೀಮೆ ಬಂದಿತೆಂದು ಹೇಳಲು ನಿಲ್ದಾಣದ ಹಲಗೆ ಬೇಕಾಗಿಲ್ಲ. ಒಂದು ಕಾಲದಲ್ಲಿ ಕ್ಲೋಸ್‌ಪೇಟೆಯೆಂದು ಕರೆಸಿಕೊಂಡ ಈ ಊರಿನ ಹೆಸರನ್ನೇ ಭೂವಿಜ್ಞಾನಿಗಳು ಇಲ್ಲಿಯ ಕಲ್ಲಿಗೂ ಇಟ್ಟಿದ್ದಾರೆ. ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಈ ಶಿಲೆಗೆ ಸುಮಾರು ೨೫೦ ಕೋಟಿ ವರ್ಷಗಳ ವಯಸ್ಸು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಹೆಸರು ಏನಾದರೂ ಆಗಲಿ, ಬಂಡೆ ಬಂಡೆಯೇ. ಬೇಸಗೆಯ ಮಧ್ಯಾಹ್ನ ಅದು ಕಾದ ಕಾವಲಿಯಂತೆ ಸುಡುತ್ತದೆ.

ಇಂತಹ ನಾಡಿನಲ್ಲಿ ಆರ್ಕಿಡ್ ಹೂವಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಆರ್ಕಿಡ್ ಎಂದರೆ ಮಲೆನಾಡು, ಮಂಜು, ಎಡೆಬಿಡದ ಜಡಿಮಳೆ ಎಂಬ ಭಾವನೆ ಬಹುಜನರಲ್ಲಿದೆ. ಮಲೆನಾಡಿನವರು ಈ ಜಾತಿಯ ಹೂವನ್ನು ಸೀತಾಳೆಯೆಂದು ಕರೆಯುತ್ತಾರೆ. ಗೊಂಚಲು ಗೊಂಚಲಾಗಿ ನರಿಯ ಬಾಲದಂತೆ ಇಳಿಬೀಳುವ ಒಂದು ಬಗೆಗೆ ಸೀತಾಳೆ ದಂಡೆ ಎಂದು ಹೆಸರು; ವನವಾಸದಲ್ಲಿ ಸೀತಾದೇವಿ ಮುಡಿದ ಹೂವು ಅದೆಂದು ನಂಬಿಕೆ. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ತುರುಬಿಗೆ ಸುತ್ತಿಕೊಳ್ಳುವುದೂ ಅದೇ ಹೂವನ್ನು. ಹಾಗಾದರೆ ಶ್ರೀರಾಮನ ಹೆಸರನ್ನು ಹೊತ್ತ ಈ ಬೆಟ್ಟಗಳ ಸೀಮೆಯಲ್ಲಿ ಸೀತೆಯ ಹೂವಿಗೆ ಎಡೆಯಿಲ್ಲವೆ? ಉಂಟು. ಅದನ್ನು ಕಾಣಲು ಕಣ್ಣನ್ನು ಬಂಡೆಯಿಂದ ತೆಗೆದು ಹಳೆಯ ಮಾವಿನ ಮರದ ಕವಲಿನಲ್ಲಿ ನಿಲ್ಲಿಸಬೇಕು. ಆ ಕವಲಿನಲ್ಲಿರುವ ಒರಟು ಗಿಡವನ್ನು ಕಂಡವರಿಗೆ, ಮನೆಯ ಜಗಲಿಯಲ್ಲಿ ಬಾಡುತ್ತಿರುವ ಬೆಲೆಬಾಳುವ ಗಿಡದ ಕಾಯಿಲೆಯೂ ತಿಳಿದೀತು.

ಜಗಲಿಯ ರೋಗಿ

ಆ ಕಾಯಿಲೆಯ ಕಥೆ ಮನೆ ಮನೆಯದು. ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯೋತ್ಸವಕ್ಕೋ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ನೋಡಲು ಹೋದ ಸಂಸಾರ ಮರಳುವಾಗ ಒಂದು ಕುಂಡ ಕೈಯಲ್ಲಿರುತ್ತದೆ. ಚಿಟ್ಟೆಗಳು ಸಾಲಾಗಿ ಕುಳಿತಂತಹ ಬಿಳಿಯ, ನಸುಗೆಂಪಿನ ಹೂಗಳ ಫಾಲಿನಾಪ್ಸಿಸ್ ಅದು. ಇಲ್ಲವೆ ನೀಳ ಕಾಂಡದ ಡೆಂಡ್ರೋಬಿಯಂ. ಎರಡು ತಿಂಗಳು ಹೂವು ಬಾಡದೆ ನಿಲ್ಲುತ್ತದೆ. ಬಂದ ನೆಂಟರೆಲ್ಲ ಹೊಗಳುತ್ತಾರೆ. ಆಮೇಲೆ ಹೂವು ಉದುರುತ್ತದೆ, ಎಲೆ ಸುಕ್ಕುಗಟ್ಟುತ್ತದೆ. ಬಾಯಾರಿಕೆಯೆಂದು ಮನೆಯವರು ನೀರೆರೆಯುತ್ತಾರೆ. ಎಲೆ ಇನ್ನಷ್ಟು ಸೊರಗುತ್ತದೆ. ಇನ್ನಷ್ಟು ನೀರು ಬೀಳುತ್ತದೆ.

“ಬೆಳಿಗ್ಗೆಯೇ ನೀರು ಹಾಕಿದ್ದೆನಲ್ಲ, ಅತ್ತೆ” ಎನ್ನುತ್ತಾಳೆ ಸೊಸೆ.

“ಅಯ್ಯೋ, ಒಣಗಿದ ಹಾಗಿತ್ತು, ನಾನೂ ಒಂದು ಚೊಂಬು ಹುಯ್ದೆನಲ್ಲಮ್ಮ” ಎನ್ನುತ್ತಾರೆ ಅತ್ತೆ.

ಸಂಜೆ ಕಚೇರಿಯಿಂದ ಬಂದ ಯಜಮಾನರೂ ತಮ್ಮ ಪಾಲಿನದನ್ನು ಸಲ್ಲಿಸಿರುತ್ತಾರೆ. ಮೂರನೆಯ ತಿಂಗಳಿಗೆ ಗಿಡ ಹಿತ್ತಿಲ ಮೂಲೆಯನ್ನು ಸೇರುತ್ತದೆ. ಅದನ್ನು ಕೊಂದದ್ದು ಉದಾಸೀನವಲ್ಲ, ಪ್ರೀತಿ. ಕಿತ್ತು ನೋಡಿದರೆ ಬೇರುಗಳೆಲ್ಲ ಕಂದಾಗಿ, ಮೆತ್ತಗಾಗಿ, ಮುಟ್ಟಿದರೆ ಸಿಪ್ಪೆ ಜಾರಿ ನೂಲಿನಂತಹ ಎಳೆಯಷ್ಟೇ ಉಳಿಯುತ್ತದೆ. ಬೇರು ಕೊಳೆತ ಮೇಲೆ ನೀರು ಕುಡಿಯುವ ಬಾಯೇ ಇಲ್ಲ. ಆದುದರಿಂದಲೇ ನೀರಿನ ನಡುವೆ ನಿಂತೂ ಗಿಡ ಬಾಯಾರಿ ಸಾಯುತ್ತದೆ. ಬಾಯಾರಿದ ಗಿಡದ ಎಲೆಯೂ ಬೇರು ಕೊಳೆತ ಗಿಡದ ಎಲೆಯೂ ಒಂದೇ ರೀತಿ ಸುಕ್ಕಾಗುವುದರಿಂದ ನೋಡಿದವರು ಮೋಸಹೋಗುತ್ತಾರೆ. ಎಲೆ ಸುಳ್ಳು ಹೇಳಬಹುದು, ಬೇರು ಹೇಳುವುದಿಲ್ಲ.

ಸಾವನದುರ್ಗದ ಪಾಠ

ಬೇರಿನ ಸ್ವಭಾವವನ್ನು ತಿಳಿಯಲು ಮಾಗಡಿಯ ದಾರಿ ಹಿಡಿಯಬೇಕು. ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡ ಮಾಗಡಿ ಸೀಮೆಯಲ್ಲಿ ಸಾವನದುರ್ಗ ಸಮುದ್ರಮಟ್ಟದಿಂದ ೧೨೨೬ ಮೀಟರ್ ಎತ್ತರಕ್ಕೆ ಒಂದೇ ಕಲ್ಲಾಗಿ ಎದ್ದು ನಿಂತಿದೆ. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಹೆಗಲು. ಬುಡದಲ್ಲಿ ವೀರಭದ್ರಸ್ವಾಮಿಯ, ನರಸಿಂಹಸ್ವಾಮಿಯ ಗುಡಿಗಳು. ಸುತ್ತ ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಕುರುಚಲು ಕಾಡು. ಪ್ರವಾಸಿಗಳ ಕಣ್ಣೆಲ್ಲ ಶಿಖರದ ಮೇಲೆ. ಆದರೆ ಇಂತಹ ಒಣ ಸೀಮೆಯ ಮಾವು, ಹುಣಿಸೆಯಂತಹ ಒರಟು ತೊಗಟೆಯ ಮರಗಳ ಮೇಲೆಯೇ ದಖನಿನ ಆರ್ಕಿಡ್ಡುಗಳ ವಾಸ. ಅವುಗಳಲ್ಲಿ ಹೆಚ್ಚು ಹರಡಿರುವುದು ವಾಂಡಾ ಟೆಸ್ಸೆಲೇಟಾ. ಚರ್ಮದಂತೆ ದಪ್ಪನಾಗಿ, ನಡುವೆ ಮಡಿಸಿದಂತಿರುವ ಎಲೆಗಳು ಕಾಂಡದ ಎರಡು ಕಡೆಗೂ ಜೋಡಿಸಿದಂತೆ ಇರುತ್ತವೆ. ಬೇಸಗೆಯಿಂದ ಮುಂಗಾರಿನವರೆಗಿನ ದಿನಗಳಲ್ಲಿ ಹಳದಿ-ಕಂದು ಚೌಕುಳಿಯ ಎಸಳುಗಳ ನಡುವೆ ನೀಲಿ-ನೇರಳೆಯ ತುಟಿ ಹೊತ್ತ ಪರಿಮಳದ ಹೂವು ಅರಳುತ್ತದೆ. ಕೆಲವೆಡೆ ಮರಬಾಳೆಯೆಂದು ಕರೆಯುವ ಅಕಾಂಪೆ ಇದರ ನೆರೆಯವನು. ಅದರ ಹಳದಿ ಹೂವಿನ ಮೇಲೆ ಕೆಂಗಂದು ಪಟ್ಟೆ.

ಜನ ಇವೆರಡನ್ನೂ ಬಂದಣಿಕೆಯೆಂದು ಎಣಿಸುವುದುಂಟು. ಈ ತಪ್ಪು ತಿಳಿವಳಿಕೆ ಗಿಡದ ಪ್ರಾಣಕ್ಕೆ ಎರವಾಗಿದೆ. ಬಂದಣಿಕೆ ಮರದ ಕೊಂಬೆಯೊಳಕ್ಕೆ ಬೇರಿಳಿಸಿ ಅದರ ರಸವನ್ನೇ ಹೀರುತ್ತದೆ. ರೈತನು ಅದನ್ನು ಕಡಿದು ಹಾಕುವುದು ನ್ಯಾಯವೇ. ಆರ್ಕಿಡ್ ಹಾಗಲ್ಲ. ಅದು ಮರದಿಂದ ಬೇಡುವುದು ನಿಲ್ಲಲು ಎಡೆಯನ್ನು ಮಾತ್ರ. ಅದರ ಬೇರು ತೊಗಟೆಯನ್ನು ಅಪ್ಪಿ ಹಿಡಿಯುತ್ತದೆ, ಒಳಗೆ ಹೊಗುವುದಿಲ್ಲ. ಬಂದಣಿಕೆ ಮನೆಯೊಳಗೆ ನುಗ್ಗಿದ ಕಳ್ಳನಾದರೆ, ಸೀತಾಳೆ ಜಗಲಿಯಲ್ಲಿ ತಂಗಿದ ದಾರಿಹೋಕ. ಸಂಸ್ಕೃತದಲ್ಲಿ ಮರದ ಮೇಲೆ ಬೆಳೆಯುವ ಗಿಡಕ್ಕೆ ವಂದಾ ಎಂಬ ಹೆಸರಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿದ್ದ ವಿದ್ವಾಂಸ ಸರ್ ವಿಲಿಯಂ ಜೋನ್ಸ್ ಅದನ್ನು ಈ ಗಿಡಕ್ಕೆ ಬಳಸಿದನು. ಇಂದು ಜಗತ್ತಿನ ಎಲ್ಲ ತೋಟಗಾರರ ಬಾಯಲ್ಲೂ ವಾಂಡಾ ಎಂಬ ಮಾತು ನಿಂತಿದೆ.

ಮಣ್ಣಿಲ್ಲ, ಮರದ ರಸವಿಲ್ಲ. ಜನವರಿಯಿಂದ ಮೂರು ತಿಂಗಳು ಮಳೆಯೂ ಇಲ್ಲ. ಹಾಗಿದ್ದೂ ಈ ಗಿಡ ಬದುಕುವುದು ಹೇಗೆ? ರಹಸ್ಯವಿರುವುದು ಬೇರಿನ ಮೇಲಿನ ಬಿಳಿಯ ಹೊದಿಕೆಯಲ್ಲಿ. ವೆಲಮೆನ್ ಎಂಬ ಈ ಹೊದಿಕೆ ಸತ್ತ ಜೀವಕೋಶಗಳಿಂದಾದ ಸ್ಪಂಜಿನಂತಹುದು. ಒಣಗಿದಾಗ ಅದರ ತುಂಬ ಗಾಳಿ. ಆಗ ಬೇರು ಬೆಳ್ಳಿಯ ಬಣ್ಣ. ಮಳೆಯ ಹನಿ ತಾಕಿತೋ, ಕ್ಷಣದಲ್ಲಿ ನೀರನ್ನು ಹೀರಿಕೊಂಡು ಹಸುರಾಗುತ್ತದೆ. ಕೆಲವು ಗಂಟೆಗಳಲ್ಲಿ ಬಿಸಿಲಿಗೂ ಗಾಳಿಗೂ ಮತ್ತೆ ಒಣಗುತ್ತದೆ. ನೆನೆಯುವುದೆಷ್ಟು ಅಗತ್ಯವೋ ಒಣಗುವುದೂ ಅಷ್ಟೇ ಅಗತ್ಯ. ಏಕೆಂದರೆ ಆ ಬೇರಿಗೆ ಉಸಿರಾಟವೂ ಬೇಕು. ಇನ್ನು ಎಲೆಯ ಉಪಾಯ ಬೇರೆ. ಬಹುಪಾಲು ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಉಸಿರಾಡುತ್ತವೆ. ವಾಂಡಾ, ಫಾಲಿನಾಪ್ಸಿಸ್‌ಗಳು ಹಗಲು ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ಬೇಸಗೆಯಲ್ಲಿ ಗೃಹಿಣಿಯರು ಹಗಲು ಕಿಟಕಿ ಮುಚ್ಚಿ ಸಂಜೆ ತೆರೆಯುವ ಜಾಣತನವೇ ಇದು.

ಇದಿಷ್ಟು ತಿಳಿದ ಮೇಲೆ ಕುಂಡದ ಗಿಡವನ್ನು ನೋಡಿದರೆ ಮರುಕವಾಗುತ್ತದೆ. ಮಾರಾಟದ ಅನೇಕ ಗಿಡಗಳು ತೂತು ಸಾಲದ ಪ್ಲಾಸ್ಟಿಕ್ ಕುಂಡದಲ್ಲಿ, ಬಿಗಿಯಾಗಿ ತುರುಕಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಪಾಚಿಯ ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಹತ್ತು ದಿನದ ತೇವ ನಿಂತಿರುತ್ತದೆ. ಗಾಳಿಯಲ್ಲಿ ತೂಗಾಡಬೇಕಾದ ಬೇರು ಅಲ್ಲಿ ಕೆಸರಿನಲ್ಲಿ ಹೂತಂತೆಯೇ ಸರಿ.

ಚನ್ನಪಟ್ಟಣದಲ್ಲಿ ಒಣಗಿಸುವ ವಿದ್ಯೆ

ಒಣಗಿಸುವುದೂ ಒಂದು ವಿದ್ಯೆಯೆಂಬುದನ್ನು ಚನ್ನಪಟ್ಟಣದ ಬೊಂಬೆಯ ಕುಶಲಿಗಳು ಬಲ್ಲರು. ಹಾಲೆಮರದ ಬಿಳಿಯ ಕೊರಡನ್ನು ತಂದ ದಿನವೇ ಯಾರೂ ಕಡಚಲು ಹಚ್ಚುವುದಿಲ್ಲ. ಸಿಪ್ಪೆ ಸುಲಿದು, ಗಾಳಿಯಾಡುವಂತೆ ಒಟ್ಟಿ, ಹದವಾಗಿ ಒಣಗಲು ಬಿಡುತ್ತಾರೆ. ಹಸಿಯಾಗಿದ್ದರೆ ಬೊಂಬೆ ಬಿರುಕು ಬಿಡುತ್ತದೆ. ಒಣಗಿದ ಮರ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆ ತಾಳ್ಮೆಯ ಒಂದು ಪಾಲು ಸೀತಾಳೆಯ ಚಿಕಿತ್ಸೆಗೂ ಬೇಕು.

ಚಿಕಿತ್ಸೆಯ ಕ್ರಮ ಹೀಗೆ. ಮೊದಲು ಗಿಡವನ್ನು ಕುಂಡದಿಂದ ಬಿಡಿಸಿ, ಹಳೆಯ ಪಾಚಿಯನ್ನೆಲ್ಲ ಕೈಯಿಂದ ಮೆಲ್ಲಗೆ ಬಿಡಿಸಿ, ಬೇರನ್ನು ನೀರಿನಲ್ಲಿ ತೊಳೆಯಬೇಕು. ಬೆರಳ ನಡುವೆ ಒತ್ತಿದಾಗ ಗಟ್ಟಿಯಾಗಿರುವ ಬೇರು ಜೀವಂತ. ಬಣ್ಣ ಸ್ವಲ್ಪ ಮಾಸಿದ್ದರೂ ಅದನ್ನು ಉಳಿಸಬೇಕು. ಮೆತ್ತಗಾಗಿ ಟೊಳ್ಳಾದುದನ್ನು, ದೀಪದ ಉರಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ತೆಗೆದುಹಾಕಬೇಕು. ಕತ್ತರಿಸಿದ ಬಾಯಿಗೆ ಅಡುಗೆಮನೆಯ ಚಕ್ಕೆಯನ್ನು ಪುಡಿಮಾಡಿ ಹಚ್ಚಬಹುದು. ಆ ಪುಡಿ ಒಣಗಿಸುವ ಗುಣದ್ದು, ಬೂಷ್ಟನ್ನು ತಡೆಯುತ್ತದೆ. ಒಳ್ಳೆಯ ಬೇರಿಗೆ ಮಾತ್ರ ಅದು ತಾಕಬಾರದು. ಅನಂತರ ಗಿಡವನ್ನು ನೆರಳಿನಲ್ಲಿ ಒಂದು ಹಗಲು ಹಾಗೆಯೇ ಒಣಗಲು ಬಿಡಬೇಕು. ಮನೆಯವರಿಗೆ ಕೈ ತಡೆಯಲಾರದ ಕಷ್ಟ ಇಲ್ಲಿಯೇ. ಗಾಯ ಒಣಗುವ ಮೊದಲು ನೀರು ಸೋಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹೊಸ ಮನೆಗೆ ಬೇಕಾದ ಸಾಮಗ್ರಿಗಳೆಲ್ಲ ಈ ಸೀಮೆಯಲ್ಲಿಯೇ ಉಂಟು. ಚನ್ನಪಟ್ಟಣದ ಸುತ್ತ ತೆಂಗಿನ ತೋಟಗಳಿರುವುದರಿಂದ ಕಾಯಿಯ ಸಿಪ್ಪೆಗೆ ಬರವಿಲ್ಲ. ಅದನ್ನು ಹೆಬ್ಬೆರಳಿನಷ್ಟು ತುಂಡು ಮಾಡಿ, ಮೂರು ನಾಲ್ಕು ದಿನ ನೀರು ಬದಲಾಯಿಸುತ್ತ ನೆನೆಸಿ, ಕಂದು ಬಣ್ಣವೂ ಉಪ್ಪಿನಂಶವೂ ಹೋದ ಮೇಲೆ ಒಣಗಿಸಿಕೊಳ್ಳಬೇಕು. ಅದಕ್ಕೆ ಇದ್ದಿಲಿನ ಚೂರು, ಹಳೆಯ ಹೆಂಚಿನ ಚೂರು ಬೆರೆಸಬೇಕು. ಬದಿಗಳಲ್ಲಿಯೂ ತೂತಿರುವ ಮಣ್ಣಿನ ಕುಂಡ ಉತ್ತಮ. ಗಿಡದ ಗಾತ್ರಕ್ಕಿಂತ ಬೇರಿನ ಗಾತ್ರ ನೋಡಿ ಕುಂಡವನ್ನು ಆರಿಸಬೇಕು. ಬೇರು ಕಡಿಮೆಯಿದ್ದರೆ ಕುಂಡವೂ ಚಿಕ್ಕದಿರಲಿ. ಗಿಡ ಅಲುಗದಂತೆ ಕಡ್ಡಿಗೆ ಕಟ್ಟಬೇಕು. ಅಲುಗಿದರೆ ಎಳೆಯ ಬೇರಿನ ತುದಿ ಮುರಿಯುತ್ತದೆ. ವಾಂಡಾ ಜಾತಿಗೆ ಇಷ್ಟೂ ಬೇಡ. ಮರದ ಪಟ್ಟಿಯ ಬುಟ್ಟಿಯಲ್ಲಿ ಬರಿಯ ಇದ್ದಿಲಿನ ನಡುವೆ ತೂಗುಹಾಕಿದರೆ ಅದಕ್ಕೆ ಸಂತೋಷ.

ಹುಳುಮನೆ ಕಲಿಸುವುದು

ರೇಷ್ಮೆಗೂಡಿನ ಮಾರುಕಟ್ಟೆಗೆ ರಾಮನಗರ ಏಷ್ಯಾ ಖಂಡದಲ್ಲಿಯೇ ಹೆಸರಾಂತ ಊರು. ಸುತ್ತಲ ಹಳ್ಳಿಗಳ ಹುಳುಮನೆಗಳಲ್ಲಿ ಒಂದು ಸೂಕ್ಷ್ಮ ಜ್ಞಾನ ಮನೆತನದಿಂದ ಮನೆತನಕ್ಕೆ ಇಳಿದುಬಂದಿದೆ. ಹುಳುವಿಗೆ ಗಾಳಿಯಲ್ಲಿ ತೇವ ಬೇಕು. ಹಾಸಿಗೆಯಲ್ಲಿ ತೇವ ಕೂಡದು. ಬೇಸಗೆ ಬಂದರೆ ಕಿಟಕಿ ಬಾಗಿಲುಗಳಿಗೆ ಒದ್ದೆಯ ಗೋಣಿತಾಟು ಇಳಿಬಿಡುತ್ತಾರೆ. ಆದರೆ ಒದ್ದೆ ಸೊಪ್ಪನ್ನು ಹುಳುವಿಗೆ ಹಾಕುವುದಿಲ್ಲ, ಹಾಸಿಗೆ ತೇವವಾದರೆ ಸುಣ್ಣದ ಪುಡಿ ಉದುರಿಸುತ್ತಾರೆ. ಗಾಳಿ ತಂಪು, ತಳ ಒಣ! ಈ ನಾಲ್ಕು ಮಾತಿನಲ್ಲಿ ಸೀತಾಳೆಯ ಸಾಕಣೆಯೆಲ್ಲ ಅಡಗಿದೆ. ಗಿಡದ ಕೆಳಗೆ ಅಗಲವಾದ ತಟ್ಟೆಯಲ್ಲಿ ಜಲ್ಲಿಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ನಿಲ್ಲಿಸಿ, ಕುಂಡವನ್ನು ಕಲ್ಲಿನ ಮೇಲಿಡುವುದು ಇದೇ ತತ್ತ್ವದ ಗೃಹೋಪಾಯ. ಬೇರೆಲ್ಲ ಕಳೆದುಕೊಂಡ ಗಿಡಕ್ಕೂ ಈ ಮಾರ್ಗವೇ ಗತಿ. ಪಾರದರ್ಶಕವಾದ ಡಬ್ಬಿಯಲ್ಲಿ ಸ್ವಲ್ಪ ಒದ್ದೆ ಪಾಚಿಯನ್ನಿಟ್ಟು, ಗಿಡದ ಬುಡ ಅದಕ್ಕೆ ತಗುಲಿಯೂ ತಗುಲದಂತೆ ಮೇಲಿರಿಸಿ, ಬಾಯಿ ಅರೆಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟು ಕಾಯಬೇಕು. ವಾರಗಳು ತಿಂಗಳಾದರೂ ನಿರಾಶರಾಗಬಾರದು.

ಸಂಗಮದ ಗಾಳಿ

ಕನಕಪುರದಿಂದ ತೆಂಕಲಿಗೆ ಹೋದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ. ಮುಂದೆ ಕಲ್ಲಿನ ನಡುವೆ ನದಿ ನುಸುಳುವ ಮೇಕೆದಾಟು. ಗುಡ್ಡದ ಮೇಲೆ ಕಾದ ಕುರುಚಲು ಕಾಡು, ದಂಡೆಯಲ್ಲಿ ಹೊಳೆಮತ್ತಿಯ ತಂಪು ಸಾಲು. ಹಗಲೆಲ್ಲ ಬಂಡೆ ಕಾಯುತ್ತದೆ. ಸಂಜೆಯಾದೊಡನೆ ನದಿಯ ಮೇಲಿಂದ ಗಾಳಿಯೇಳುತ್ತದೆ. ಬಿಸಿಲಿನ ತಾಪವೂ ರಾತ್ರಿಯ ತಂಪೂ ಒಂದರ ಬೆನ್ನಿಗೊಂದು ಬರುತ್ತವೆ. ಫಾಲಿನಾಪ್ಸಿಸ್ ಹೂಬಿಡಲು ಹಗಲಿರುಳಿನ ಈ ಅಂತರವೇ ಬೇಕು. ಮಾರ್ಗಶಿರ ಪುಷ್ಯಗಳ ತಂಪು ರಾತ್ರಿಗಳಲ್ಲಿ ಅದನ್ನು ಕೋಣೆಯೊಳಗೆ ಬೆಚ್ಚಗಿಡದೆ ಕಿಟಕಿಯ ಬಳಿಯಲ್ಲಿಟ್ಟರೆ ಎಲೆಯ ಸಂದಿನಿಂದ ಹೂದಂಟು ಇಣುಕುತ್ತದೆ.

ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಬಂಡೆಯ ನಾಡಿನ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದರೆ ಅದು ಉಪ್ಪು. ಎಳೆಯ ಬೇರಿನ ತುದಿಯನ್ನು ಅದು ಸುಡುತ್ತದೆ. ಮಾಳಿಗೆಯ ಮೇಲೆ ಹಿಡಿದ ಮಳೆನೀರಿಗೆ ಸಮನಾದುದು ಬೇರಿಲ್ಲ. ನೀರನ್ನು ಬೆಳಿಗ್ಗೆಯೇ ಕೊಡಬೇಕು; ಬೇರೆಲ್ಲ ಹಸುರಾಗುವಂತೆ ಧಾರಾಳವಾಗಿ ಹಾಯಿಸಿ, ಪೂರ್ತಿ ಬಸಿಯಲು ಬಿಡಬೇಕು. ಬೇರು ಮತ್ತೆ ಬೆಳ್ಳಗಾಗುವವರೆಗೆ ಪುನಃ ಹುಯ್ಯಬಾರದು. ಕುಂಡದಲ್ಲಿರುವ ಗಿಡಕ್ಕೆ ಬೇಸಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು. ಇದ್ದಿಲಿನ ಬುಟ್ಟಿಯಲ್ಲಿ ತೂಗುವ ವಾಂಡಾಕ್ಕೆ ಬೇಸಗೆಯಲ್ಲಿ ದಿನವೂ ಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅರಿವೆಯ ತುದಿಯಿಂದ ಒರೆಸಬೇಕು. ಸುಳಿ ಕೊಳೆತರೆ ಫಾಲಿನಾಪ್ಸಿಸ್ ಉಳಿಯುವುದು ದುರ್ಲಭ. ಬೆಳಕಿಗೆ ಎಲೆಯ ಬಣ್ಣವೇ ಸಾಕ್ಷಿ. ಕಡು ಹಸುರಾದರೆ ಬೆಳಕು ಸಾಲದು. ಹಳದಿಗೆ ತಿರುಗಿ ಕೆಂಪಡರಿದರೆ ಬಿಸಿಲು ಹೆಚ್ಚು. ಮೂಡಣದ ಎಳೆಬಿಸಿಲು ಬೀಳುವ ಜಗಲಿ ಇದಕ್ಕೆ ಪ್ರಶಸ್ತ. ಎಲೆಯ ಸಂದಿನಲ್ಲಿ ಹಿಟ್ಟುತಿಗಣೆ ಕಂಡರೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಬೇಕು. ರೋಗದಲ್ಲಿರುವ ಗಿಡಕ್ಕೆ ಗೊಬ್ಬರ ಕೊಡುವುದು ಜ್ವರದವನಿಗೆ ಹಬ್ಬದೂಟ ಬಡಿಸಿದಂತೆ. ಹೊಸ ಬೇರು ಬಂದ ಮೇಲೆ ಬಹಳ ತೆಳುವಾಗಿ ಕೊಟ್ಟರೆ ಸಾಕು. ಕೆಲವು ಡೆಂಡ್ರೋಬಿಯಂಗಳು ಚಳಿಗಾಲದಲ್ಲಿ ಎಲೆಯುದುರಿಸಿ ಬರಿಯ ಕೋಲಾಗಿ ನಿಲ್ಲುವುದೂ ಉಂಟು. ಅದು ಸಾವಲ್ಲ, ವಿಶ್ರಾಂತಿ. ಕಾಂಡ ಗಟ್ಟಿಯಾಗಿದ್ದರೆ ಎಸೆಯಬಾರದು.

ಕಾಡಿನದು ಕಾಡಿಗೆ

ಇಷ್ಟನ್ನು ಓದಿದವರಿಗೆ ಒಂದು ಆಸೆ ಹುಟ್ಟುವುದು ಸಹಜ: ಪೇಟೆಯ ಗಿಡ ಇಷ್ಟು ಸೂಕ್ಷ್ಮವಾದರೆ, ಸಾವನದುರ್ಗದ ಕಾಡಿನಿಂದಲೇ ಗಟ್ಟಿ ಗಿಡವೊಂದನ್ನು ಕಿತ್ತು ತಂದರೇನು? ತರಬಾರದು. ಕಾಯಿದೆ ಅದನ್ನು ತಡೆಯುತ್ತದೆ; ಕಾಯಿದೆಗಿಂತ ದೊಡ್ಡ ಕಾರಣವೂ ಇದೆ. ತೊಗಟೆಗೆ ಅಂಟಿದ ಬೇರನ್ನು ಕಿತ್ತರೆ ವರ್ಷಗಳ ದುಡಿಮೆ ಹರಿದುಹೋಗುತ್ತದೆ. ಹಾಗೆ ತಂದ ಗಿಡಗಳಲ್ಲಿ ಬಹಳಷ್ಟು ಬಾಳುವುದಿಲ್ಲ. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ತಾಯಿ ಕಟ್ಟಿಕೊಟ್ಟ ಬುತ್ತಿಯೇ ಅದರಲ್ಲಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜವಿದ್ದರೂ ಮರವೇರಿ ಗಿಡವಾಗುವುದು ಬೆರಳೆಣಿಕೆ. ೧೯೨೨ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಆಹಾರದ ಮೇಲೆ ಶಿಲೀಂಧ್ರದ ನೆರವಿಲ್ಲದೆ ಬೀಜವನ್ನು ಮೊಳೆಯಿಸಿದನು. ೧೯೬೦ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಚಿಗುರಿನ ತುದಿಯಿಂದಲೇ ಹಲವು ಗಿಡಗಳನ್ನು ಪಡೆಯುವ ದಾರಿಯನ್ನು ತೋರಿಸಿದನು. ಅರಮನೆಗಳ ಸೊತ್ತಾಗಿದ್ದ ಹೂವು ಮಧ್ಯಮವರ್ಗದ ಜಗಲಿಗೆ ಬಂದುದು ಈ ಗಾಜಿನ ಶೀಸೆಗಳ ಕೃಪೆಯಿಂದ. ಪೇಟೆಯ ಗಿಡವನ್ನು ಲಕ್ಷಗಟ್ಟಲೆ ಮಾಡಬಹುದು. ಕಾಡಿನ ಹಳೆಯ ಗಿಡವನ್ನು ಹಾಗೆ ಮಾಡಿ ಅದೇ ಕವಲಿಗೆ ಮರಳಿಸುವವರಿಲ್ಲ.

ಆದರೆ ಉಳಿಸಲು ಅವಕಾಶವೊಂದು ಉಂಟು. ೨೦೨೩ರಲ್ಲಿ ತೆರೆದ ಬೆಂಗಳೂರು-ಮೈಸೂರು ಹೆದ್ದಾರಿಗಾಗಿ ಈ ದಾರಿಯ ಅನೇಕ ಮರಗಳು ಉರುಳಿದವು. ಬಡಾವಣೆಗೆಂದು ತೋಪುಗಳೂ ಕರಗುತ್ತಿವೆ. ಸ್ವಂತ ತೋಟದ ಮುದಿ ಮಾವನ್ನು ಕಡಿಸಬೇಕಾಗಿ ಬಂದವರು ಕೊಡಲಿ ಹಾಕುವ ಮೊದಲು ಕವಲುಗಳನ್ನೊಮ್ಮೆ ನೋಡಲಿ. ಸೀತಾಳೆ ಅಂಟಿದ ಕೊಂಬೆಯನ್ನು ತೊಗಟೆಸಹಿತ ಇಳಿಸಿ, ಮುಂಗಾರಿನ ಆರಂಭದಲ್ಲಿ ಮತ್ತೊಂದು ಮಾವಿಗೋ ಹುಣಿಸೆಗೋ ಹಳೆಯ ಹತ್ತಿಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿದರೆ, ಮಳೆಗಾಲ ಕಳೆಯುವುದರೊಳಗೆ ಹೊಸ ಬೇರು ಹೊಸ ತೊಗಟೆಯನ್ನು ಹಿಡಿಯುತ್ತದೆ. ಬಟ್ಟೆ ತಾನಾಗಿ ಜೀರ್ಣವಾಗಿ ಉದುರುತ್ತದೆ. ಮಣ್ಣು ಮೆತ್ತಬೇಕಿಲ್ಲ, ಗೊಬ್ಬರವಿಡಬೇಕಿಲ್ಲ. ಬಂದಣಿಕೆಯೆಂದು ಕೀಳಹೊರಟ ಕೈಯನ್ನು ತಡೆದು, ಇದು ಹೂವು ಕಣಪ್ಪಾ ಎಂದು ಹೇಳಿದರೂ ಒಂದು ಗಿಡ ಉಳಿದೀತು. ಪೇಟೆಯಿಂದ ತಂದ ಡೆಂಡ್ರೋಬಿಯಂ ಕುಂಡದಲ್ಲಿ ಸುಧಾರಿಸದಿದ್ದರೆ ಅದನ್ನೂ ಹೀಗೆಯೇ ಹಿತ್ತಿಲ ಮರಕ್ಕೆ ಒಪ್ಪಿಸಬಹುದು. ಎಷ್ಟೋ ವೇಳೆ ಮರವೇ ಒಳ್ಳೆಯ ವೈದ್ಯ.

ಜಗಲಿಯ ರೋಗಿ ಚೇತರಿಸಿಕೊಂಡಿತೆಂದು ತಿಳಿಯುವುದು ಹೂವಿನಿಂದಲ್ಲ. ಹೂವು ಬರುವುದು ವರ್ಷದ ಮಾತು. ಒಂದು ಬೆಳಿಗ್ಗೆ ಬುಡದ ಹತ್ತಿರ ಅಕ್ಕಿಯ ಕಾಳಿನಷ್ಟು ಹಸುರು ತುದಿಯೊಂದು ಹೊರಬಂದಿರುತ್ತದೆ. ವಾರದಲ್ಲಿ ಅದು ಬಿಳಿಯ ಬೇರಾಗಿ, ಕುಂಡವನ್ನು ಬಿಟ್ಟು ಗಾಳಿಗೆ ಕೈ ಚಾಚುತ್ತದೆ. ಅಂದವಿಲ್ಲವೆಂದು ಅದನ್ನು ಯಾರೂ ಕತ್ತರಿಸದಿರಲಿ. ಸೊಸೆ ಅದನ್ನು ಅತ್ತೆಗೆ ತೋರಿಸಿ, “ಇವತ್ತು ನೀರು ಬೇಡ, ಅತ್ತೆ, ಇನ್ನೂ ಹಸುರಾಗಿದೆ” ಎಂದು ಹೇಳಿದ ದಿನ ಆ ಮನೆಯಲ್ಲಿ ಗಿಡ ಬದುಕಿತೆಂದೇ ಲೆಕ್ಕ.